ವೇಬರ್ ಸಾಹೇಬರ ಬಿಸಿನೀರು

ವಿದ್ಯುತ್ ನಿರ್ವಹಣೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಸಾರ್, ನಿಮ್ ಸರ್ವೀಸಲ್ಲಿ ಅತಿ ದೊಡ್ಡ ಬ್ರೇಕ್‌ಡೌನ್ ಯಾವ್ದು?" ಟ್ರಾನ್ಸ್‌ಫಾರ್ಮರ್ ಸಿಡಿದು ಆಕಾಶಕ್ಕೆ ಹೋಯಿತು, ನಾನು ಅದರ ಹಿಂದೆಯೇ ಹಾರಿ ಹಿಡಿದು ತಂದೆ ಎಂಬಂಥ ಉತ್ತರವನ್ನು ಅವರು ಬಯಸುತ್ತಾರೆ. ಅಂಥದ್ದು ನನ್ನ ಬಳಿ ಇಲ್ಲ. ನಾನು ಎದುರಿಸಿದ ಅತ್ಯಂತ ಕಠಿಣವಾದ ಕೇಸು ಒಂದು ಒಲೆಯದು. ಅನ್ನ ಬೇಯಿಸುವ ಒಲೆಯಲ್ಲ, ಕಬ್ಬಿಣ ಕರಗಿಸುವ ಒಲೆಯೂ ಅಲ್ಲ. ಒಬ್ಬನೇ ಒಬ್ಬ ಮನುಷ್ಯ ಈಜಲಿ ಎಂದು ಒಂದು ಕೊಳದ ನೀರನ್ನು ಪೂರ್ತಿಯಾಗಿ ಕಾಯಿಸುವ ಒಲೆ.

ನಮ್ಮದು ದೊಡ್ಡನೆಕ್ಕುಂದಿಯ ಆಚೆಗಿದ್ದ ಸರ್ಕಾರಿ ಯಂತ್ರ ಕಾರ್ಖಾನೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಎಲೆಕ್ಟ್ರಿಕಲ್ ಚಾರ್ಜ್‌ಮ್ಯಾನ್, ಅಂದರೆ ಕರೆಂಟಿನ ಕೆಲಸದ ಮೇಲ್ವಿಚಾರಕ. ಜರ್ಮನಿಯಿಂದ ಗೇರು ಚಕ್ರಗಳಿಗೆ ಹಲ್ಲು ಕೊರೆಯುವ ದೊಡ್ಡ ಯಂತ್ರವೊಂದು ಬರುವುದಿತ್ತು. ಅದನ್ನು ನಿಲ್ಲಿಸಿ ಓಡಿಸಿಕೊಡಲು ವೇಬರ್ ಎಂಬ ತಜ್ಞರೂ ಬರುವವರಿದ್ದರು. ಅವರಿಗೆ ಸೊಂಟದ ನೋವು. ದಿನವೂ ಬೆಚ್ಚಗಿನ ನೀರಿನಲ್ಲಿ ಈಜಬೇಕೆಂದು ಅವರ ಡಾಕ್ಟರ ಅಪ್ಪಣೆ, ಬೆಚ್ಚಗಿನ ಕೊಳವಿಲ್ಲದ ಊರಿಗೆ ಬರುವುದಿಲ್ಲವೆಂದು ಅವರ ಷರತ್ತು. ದೆಹಲಿಯವರು ಒಪ್ಪಿಕೊಂಡರು. ಒಪ್ಪುವವರು ಅವರು, ತೋಡುವವರು ನಾವು.

ಅತಿಥಿಗೃಹದ ಹಿಂದೆ ಕೊಳ ತೋಡಿದ್ದಾಯಿತು. ಯಂತ್ರ ಬಂದ ಹಡಗಿನಲ್ಲೇ ಗ್ಯಾಸ್ ಹೀಟರೂ ಬಂತು. ಬೀರುವಿನಷ್ಟು ಎತ್ತರದ, ಹಸಿರು ಬಣ್ಣ ಬಳಿದ ತಗಡಿನ ಪೆಟ್ಟಿಗೆ. ಅದನ್ನು ಕೊಳದ ಪಕ್ಕದ ಶೆಡ್ಡಿನಲ್ಲಿ ಕೂರಿಸಿ, ಗ್ಯಾಸ್ ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿದೆವು. ಊರಿಡೀ ಅಡುಗೆ ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಆ ಸಾಲನ್ನು ನೋಡಲೆಂದೇ ಅಧಿಕಾರಿಗಳ ಪತ್ನಿಯರು ಸಂಜೆ ವಾಕಿಂಗ್ ಬರುತ್ತಿದ್ದರು.

ಕೊಳವನ್ನೂ ಒಲೆಯನ್ನೂ ನೋಡಿಕೊಳ್ಳಲು ನೇಮಕವಾದವನು ಮುನಿಯಪ್ಪ. ಆ ಕಾರ್ಖಾನೆ ನಿಂತಿದ್ದ ಜಾಗದಲ್ಲಿ ಅವನ ಮನೆಯವರ ಹೊಲವೂ ಸೇರಿತ್ತು. ಹೊಲ ತೆಗೆದುಕೊಳ್ಳುವಾಗ ಖಾಯಂ ನೌಕರಿ ಕೊಡುತ್ತೇವೆ ಎಂದಿದ್ದರು. ಹೊಲ ಖಾಯಮ್ಮಾಗಿ ಹೋಯಿತು, ಮುನಿಯಪ್ಪ ಮಾತ್ರ ವರ್ಷಾನುಗಟ್ಟಲೆ ದಿನಗೂಲಿಯಲ್ಲೇ ಉಳಿದ. ಈಗ ಕೊಳದ ಅಟೆಂಡರ್ ಎಂದು ಪ್ರೊಬೇಷನ್ನಿನ ಮೇಲೆ ಹಾಕಿದ್ದರು. ವರ್ಷದ ಕೊನೆಗೆ ಖಾಯಂ ಆದರೆ ಆಯಿತು. ಆಗದಿದ್ದರೆ ವಯಸ್ಸು ಮೀರಿ, ಮತ್ತೆ ಕಾರ್ಖಾನೆಯ ಗೇಟಿನೊಳಗೆ ಕಾಲಿಡುವಂತಿರಲಿಲ್ಲ. ಇದನ್ನು ನಿರ್ಧರಿಸಬೇಕಾದವರು ಆಡಳಿತಾಧಿಕಾರಿ ಅನಂತರಾಮಯ್ಯನವರು. ಅವರು ನಿರ್ಧರಿಸಲು ಹಿಡಿದ ಅಳತೆಗೋಲು ಹೀಟರು. ಅದು ಉರಿದರೆ ಮುನಿಯಪ್ಪ ಉಳಿದ.

ಒಲೆಯನ್ನು ಮೊದಲ ಸಲ ಹೊತ್ತಿಸಿದಾಗ ಮುನಿಯಪ್ಪ ಸಿಲಿಂಡರುಗಳನ್ನೂ ಕೊಳವನ್ನೂ ಬಹಳ ಹೊತ್ತು ನೋಡಿದ.

"ಸಾಮಿ, ಇಷ್ಟೂ ನೀರು ಕಾಯ್ಸಾದು ಒಬ್ಬರಿಗೇನಾ?"

"ಹೂಂ. ಒಬ್ಬರಿಗೇ."

"ಸ್ನಾನ ಮಾಡ್ಕಂತಾರಾ?"

"ಇಲ್ಲ ಕಣಯ್ಯ, ಈಜ್ತಾರೆ. ಸ್ನಾನ ಆಮೇಲೆ ಬಾತ್‌ರೂಮಲ್ಲಿ."

"ಅದ್ಕೆ ಬೇರೆ ನೀರು ಕಾಯ್ಸಬೇಕಾ?" ಎಂದು ಕೇಳಿ, ನನ್ನ ಮುಖ ನೋಡಿ, ಉತ್ತರಕ್ಕೆ ಕಾಯದೆ ಹೊರಟುಹೋದ.

ಹುಡುಗರೇ, ಆ ಪೆಟ್ಟಿಗೆ ಹೊತ್ತಿಕೊಳ್ಳುವ ಕ್ರಮವನ್ನು ಮೊದಲು ತಿಳಿಯಬೇಕು. ನೀರು ತಣ್ಣಗಾದರೆ ಥರ್ಮೋಸ್ಟಾಟ್ ಕರೆ ಕೊಡುತ್ತದೆ. ಫ್ಯಾನು ತಿರುಗಿ ಒಳಗಿನ ಹಳೇ ಗಾಳಿಯನ್ನು ಹೊರಗೆ ತಳ್ಳುತ್ತದೆ. ಪಿಂಗಾಣಿ ಕಂಬದ ತುದಿಯ ಕಡ್ಡಿಯಲ್ಲಿ ಟಿಕ್ ಟಿಕ್ ಎಂದು ಕಿಡಿ ಹಾರುತ್ತದೆ. ಗ್ಯಾಸಿನ ವಾಲ್ವು ತೆರೆದು 'ಫಕ್' ಎಂದು ಹೊತ್ತುತ್ತದೆ. ಕೊನೆಗೆ ಇನ್ನೊಂದು ಕಡ್ಡಿ ಜ್ವಾಲೆಯನ್ನು ಮುಟ್ಟಿ, ಅದರ ಮೂಲಕ ಹರಿಯುವ ಒಂದು ಚೂರು ಕರೆಂಟಿನಿಂದ, 'ಬೆಂಕಿ ಇದೆ' ಎಂದು ವರದಿ ಒಪ್ಪಿಸುತ್ತದೆ. ವರದಿ ಬರಲಿಲ್ಲವೋ, ಪೆಟ್ಟಿಗೆ ಗ್ಯಾಸು ಮುಚ್ಚಿ, ಕೆಂಪು ದೀಪ ಹಚ್ಚಿ, ಮುಷ್ಕರ ಹೂಡುತ್ತದೆ. ನಮ್ಮ ಆಡಳಿತ ಕಚೇರಿಯೂ ಹೀಗೇ ಇತ್ತು. ಬೆಂಕಿ ಬಿದ್ದರೆ ಸಾಲದು, ಬೆಂಕಿ ಬಿದ್ದಿದೆ ಎಂಬ ವರದಿ ಬರಬೇಕು. ಹೀಗಾಗಿ ಆ ಯಂತ್ರದ ಮನಸ್ಸು ನನಗೆ ಬೇಗ ಅರ್ಥವಾಯಿತು.

ವೇಬರ್ ಸಾಹೇಬರು ಮಳೆಗಾಲದ ಆರಂಭಕ್ಕೆ ಬಂದಿಳಿದರು. ಆರಡಿ ಮೀರಿದ ಆಳು, ಮಾತು ಕಡಿಮೆ. ಕಾರ್ಖಾನೆ ಬಿಟ್ಟ ಮೇಲೆ ಸಂಜೆ ಚಡ್ಡಿ ತೊಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೊಳದ ದಂಡೆಗೆ ಬಂದು, ಹೆಬ್ಬೆರಳನ್ನು ನೀರಿಗೆ ಅದ್ದಿ ನೋಡುವರು. ಮುನಿಯಪ್ಪ ಅವರಿಗೆ ಎರಡು ಕನ್ನಡ ಪದ ಕಲಿಸಿದ್ದ: ಬಿಸಿ, ಇಲ್ಲ. ಬೆರಳು ಅದ್ದಿದ ಮೇಲೆ ಅವರು ಒಂದೇ ಪದ ಹೇಳಿದರೆ ಅಂದು ಎಲ್ಲರಿಗೂ ಊಟ ಸೇರುತ್ತಿತ್ತು. ಎರಡೂ ಪದ ಹೇಳಿದರೆ ಅನಂತರಾಮಯ್ಯನವರ ಫೋನು ಬರುತ್ತಿತ್ತು.

ಮೊದಲ ತೊಂದರೆ ಸಣ್ಣದು. ಒಂದು ದಿನ ಫ್ಯಾನೇ ತಿರುಗಲಿಲ್ಲ. ಮುಚ್ಚಳ ತೆಗೆದರೆ, ಫ್ಯಾನಿಗೆ ಕರೆಂಟು ಬಿಡುವ ರಿಲೇಯ ಎರಡು ತುಟಿಗಳ ನಡುವೆ ಒಂದು ಹಲ್ಲಿ ಸಿಕ್ಕಿಕೊಂಡು ಪ್ರಾಣಬಿಟ್ಟಿತ್ತು. ತೆಗೆದೆ, ಸರಿಹೋಯಿತು. ಆದರೆ ಕಾರಣವನ್ನು ಅನಂತರಾಮಯ್ಯನವರಿಗೆ ಹೇಳಿದ್ದು ತಪ್ಪಾಯಿತು. ಅವರು ಮಹಾ ದೈವಭಕ್ತರು, ಪಂಚಾಂಗ ಅವರ ಮೇಜಿನ ಮೇಲೆ ಸರ್ವೀಸ್ ರೂಲ್ಸ್ ಪುಸ್ತಕದ ಪಕ್ಕದಲ್ಲೇ ಇರುತ್ತಿತ್ತು. ಅದರಲ್ಲಿ ಹಲ್ಲಿ ಬೀಳುವ ಫಲದ ಪುಟ ತೆರೆದು, "ತಲೆ ಮೇಲೆ ಬಿದ್ರೆ ಇದೆ, ಭುಜದ ಮೇಲೆ ಬಿದ್ರೆ ಇದೆ. ರಿಲೇ ಮೇಲೆ ಬಿದ್ರೆ ಏನು ಅಂತ ಇಲ್ವಲ್ರೀ," ಎಂದು ಚಿಂತಿಸಿದರು.

"ಫ್ಯಾನ್ ತಿರುಗಲ್ಲ ಸಾರ್, ಅದೇ ಫಲ," ಎಂದೆ. ಅವರಿಗೆ ಹಿಡಿಸಲಿಲ್ಲ.

ಎರಡನೆಯ ತೊಂದರೆ ಬಂತು ನೋಡಿ, ಅದು ನನ್ನ ವಿದ್ಯೆಯನ್ನೆಲ್ಲ ತಲೆಕೆಳಗು ಮಾಡಿತು. ಕೆಲವು ದಿನ ಒಲೆ ಚೆನ್ನಾಗಿ ಉರಿಯುವುದು. ಕೆಲವು ದಿನ ಟಿಕ್ ಟಿಕ್ ಅಂದು, ಫಕ್ ಎಂದು ಹೊತ್ತಿ, ನಾವು ಉಸಿರು ಬಿಡುವಷ್ಟರಲ್ಲಿ ಆರಿ ಕೆಂಪು ದೀಪ ಹಚ್ಚುವುದು. ಬೆಂಕಿ ಕಣ್ಣಿಗೆ ಕಾಣುತ್ತಿದೆ, ಕಡ್ಡಿಗೆ ಮಾತ್ರ ಕಾಣುತ್ತಿಲ್ಲ. ಕಡ್ಡಿಯನ್ನು ಉಜ್ಜಿದೆ. ಅರ್ತಿಂಗ್ ನೋಡಿದೆ. ವೈರುಗಳನ್ನು ಎಳೆದು ಎಳೆದು ನೋಡಿದೆ. ಎಲ್ಲವೂ ಸರಿಯಾಗಿದೆ, ಒಲೆ ಒಂದು ಬಿಟ್ಟು. ಎರಡು ದಿನ ಬಿಟ್ಟು ಹೋದರೆ ಅದು ತಾನಾಗಿಯೇ ಉರಿಯುತ್ತ ನಿಂತಿರುವುದು, ನನ್ನನ್ನು ಅಣಕಿಸುವಂತೆ. ತಾನಾಗಿ ಕೆಡುವ ಯಂತ್ರಕ್ಕೆ ಹೆದರಬೇಡಿ. ತಾನಾಗಿ ಸರಿಹೋಗುವ ಯಂತ್ರಕ್ಕೆ ಹೆದರಿ.

ಆಗ ಅನಂತರಾಮಯ್ಯನವರು ತನಿಖೆಯನ್ನು ಸ್ವತಃ ಕೈಗೆತ್ತಿಕೊಂಡರು. ಒಲೆ ಕೆಟ್ಟ ದಿನಗಳನ್ನೂ ಹೊತ್ತನ್ನೂ ಮುನಿಯಪ್ಪನಿಂದ ಕೇಳಿ ತಿಳಿದು, ಗ್ರಾಫ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ನನ್ನನ್ನು ಕರೆಸಿದರು.

"ನೋಡ್ರೀ. ಮಂಗಳವಾರ ಕೆಟ್ಟಿದ್ದು ಮೂರರ ಮೇಲೆ. ಬುಧವಾರ ಮಧ್ಯಾಹ್ನ. ಶುಕ್ರವಾರ ಹತ್ತೂವರೆ ಮೇಲೆ. ಏನು ಹೊಳೀತು?"

"ವೋಲ್ಟೇಜ್ ಇರಬಹುದು ಸಾರ್."

"ರಾಹುಕಾಲ ಕಣ್ರೀ! ಒಂದೂ ತಪ್ಪಿಲ್ಲ!"

ನಾನು ಗ್ರಾಫನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅವರು ಹೇಳಿದ್ದು ನಿಜ. ಒಲೆ ಕೆಟ್ಟದ್ದೆಲ್ಲ ರಾಹುಕಾಲದಲ್ಲೇ. ಜರ್ಮನಿಯಲ್ಲಿ ತಯಾರಾದ ಒಲೆಗೆ ನಮ್ಮ ಪಂಚಾಂಗ ಹೇಗೆ ತಿಳಿಯಿತು ಎಂಬ ಪ್ರಶ್ನೆ ನನ್ನ ತಲೆಯನ್ನು ಕೊರೆಯತೊಡಗಿತು. ನನ್ನ ಡಿಪ್ಲೊಮಾದಲ್ಲಿ ಇದರ ಬಗ್ಗೆ ಒಂದು ಪಾಠವೂ ಇರಲಿಲ್ಲ.

"ಮುನಿಯಪ್ಪ ರಾಹುಕಾಲದಲ್ಲಿ ಸ್ವಿಚ್ ಮುಟ್ತಾನೆ. ಅದೇ ಕಾರಣ," ಎಂದು ಅವರು ತೀರ್ಪು ಕೊಟ್ಟರು. "ಇನ್ನೊಂದ್ಸಲ ಕೆಡ್ಲಿ, ಅವನ ಪ್ರೊಬೇಷನ್ ಅಲ್ಲಿಗೇ ಮುಗೀತು ಅಂತ ಹೇಳಿ."

ನಾನು ಹೋಗಿ ಹೇಳಿದೆ. ಮುನಿಯಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ನಾನೇನ್ ಸಾಮಿ ಮಾಡ್ಲಿ? ಸ್ವಿಚ್ ನಾನ್ ಮುಟ್ಟೇ ಇಲ್ಲ," ಎಂದ. ಸ್ವಿಚ್ ಮುಟ್ಟಿಲ್ಲ ಎಂದದ್ದು ಅಕ್ಷರಶಃ ಸತ್ಯವಾಗಿತ್ತು. ನಾನು ಕೇಳಬೇಕಾದ ಪ್ರಶ್ನೆ ಬೇರೆಯಿತ್ತು, ಅದು ನನಗೆ ಹೊಳೆಯಲಿಲ್ಲ.

ಮುಂದಿನ ಬುಧವಾರ ಊಟ ಬಿಟ್ಟು, ರಾಹುವನ್ನು ಕಣ್ಣಾರೆ ಕಾಣುವ ಉದ್ದೇಶದಿಂದ, ಶೆಡ್ಡಿನಲ್ಲಿ ಹೋಗಿ ಕೂತೆ. ಒಲೆ ಸೊಗಸಾಗಿ ಉರಿಯುತ್ತಿತ್ತು. ರಾಹುಕಾಲ ಶುರುವಾಯಿತು. ಬಾಗಿಲು ಸದ್ದಾಯಿತು. ರಾಹುವಿನ ಬದಲು ಮುನಿಯಪ್ಪ ಬಂದ. ಕೈಯಲ್ಲಿ ಒಂದು ಬಿಳಿ ಶರಟು, ಒಂದು ಇಸ್ತ್ರಿ ಪೆಟ್ಟಿಗೆ. ನನ್ನನ್ನು ಕಂಡು ಒಂದು ನಗೆ ನಕ್ಕು, ಹೀಟರಿನ ಪ್ಲಗ್ಗನ್ನು ಕಿತ್ತು, ಇಸ್ತ್ರಿಯ ಎರಡು ಪಿನ್ನಿನ ಪ್ಲಗ್ಗನ್ನು ಸಿಕ್ಕಿಸಿ, ಮೇಜಿನ ಮೇಲೆ ಶರಟು ಹಾಸಿದ.

"ಯಾರದಯ್ಯ ಇದು?"

"ಅನಂತರಾಮಯ್ಯ ಸಾಯೇಬ್ರದು. ರಾವುಕಾಲದಲ್ಲಿ ಅವ್ರು ಯಾವ ಕಾಗ್ದಕ್ಕೂ ಸೈನ್ ಹಾಕಲ್ವಲ್ಲ ಸಾಮಿ. ಇಲ್ಲಿ ಗೆಸ್ಟ್ ಅವುಸ್ನಾಗೆ ಬನೀನಲ್ಲಿ ಕೂತಿರ್ತಾರೆ. 'ಸುಮ್ನೆ ಕೂತಿದೀನಿ, ಇಸ್ತ್ರಿ ಮಾಡ್ಕೊಡು' ಅಂತಾರೆ."

ಇಸ್ತ್ರಿ ಮುಗಿಸಿ, ಹೀಟರಿನ ಪ್ಲಗ್ಗನ್ನು ಕೈಗೆ ಬಂದ ಹಾಗೆ ಮತ್ತೆ ಚುಚ್ಚಿದ. ಟಿಕ್ ಟಿಕ್, ಫಕ್, ಕೆಂಪು ದೀಪ.

ಅದು ಹೀಟರಿನ ಜತೆಗೆ ಸಾಕೆಟ್ಟಿನ ಸಮೇತ ಬಂದ ಜರ್ಮನಿಯ ಪ್ಲಗ್. ಎರಡು ದುಂಡು ಪಿನ್ನು, ಅರ್ತಿಂಗು ಪಕ್ಕದಲ್ಲಿ. ಹೀಗೂ ಹೋಗುತ್ತದೆ, ತಿರುಗಿಸಿದರೆ ಹಾಗೂ ಹೋಗುತ್ತದೆ. ಜ್ವಾಲೆಯನ್ನು ಮುಟ್ಟಿ ನೋಡುವ ಆ ಕಡ್ಡಿಗೆ ಕರೆಂಟು ಹೊತ್ತು ತರುವ ಫೇಸ್ ಒಂದು ನಿರ್ದಿಷ್ಟ ವೈರಿನಲ್ಲೇ ಬರಬೇಕು. ಫೇಸೂ ಕರೆಂಟನ್ನು ವಾಪಸ್ ಒಯ್ಯುವ ನ್ಯೂಟ್ರಲ್ಲೂ ಅದಲು ಬದಲಾದರೆ ಫ್ಯಾನು ತಿರುಗುತ್ತದೆ, ಕಿಡಿ ಹಾರುತ್ತದೆ, ಗ್ಯಾಸು ಹೊತ್ತುತ್ತದೆ, ವರದಿ ಮಾತ್ರ ಹೋಗುವುದಿಲ್ಲ. ಮುಂದಿನ ಇಸ್ತ್ರಿಯಾದ ಮೇಲೆ ಪ್ಲಗ್ಗು ತಿರುಗಿ ಕೂತರೆ, ಒಲೆ ತಾನಾಗಿ ಸರಿಹೋದಂತೆ ಕಾಣುತ್ತದೆ. ನಾನು ಎದ್ದು ಪ್ಲಗ್ ಕಿತ್ತು, ತಿರುಗಿಸಿ ಚುಚ್ಚಿದೆ. ಒಲೆ ಉರಿಯಿತು. ಉರಿಯುತ್ತಲೇ ಇತ್ತು.

ಬನೀನಿನಲ್ಲಿದ್ದ ಅನಂತರಾಮಯ್ಯನವರನ್ನು ಕರೆದು ತೋರಿಸಿದೆ. ಒಮ್ಮೆ ಹೀಗೆ, ಒಮ್ಮೆ ಹಾಗೆ. ಅವರು ಪ್ಲಗ್ಗನ್ನೂ ಬಿಸಿ ಶರಟನ್ನೂ ನೋಡಿದರು.

"ಅಂದ್ರೆ ರಾಹುಕಾಲದ್ದೇ ದೋಷ ಅನ್ನೋದು ಸುಳ್ಳಲ್ಲ," ಎಂದರು.

"ಸುಳ್ಳಲ್ಲ ಸಾರ್. ರಾಹುಕಾಲದ ಇಸ್ತ್ರಿ."

ಅವರು ಶರಟು ತೊಟ್ಟು ಎಲ್ಲ ಗುಂಡಿಗಳನ್ನೂ ಹಾಕಿಕೊಂಡ ಮೇಲೆ ಮುನಿಯಪ್ಪನತ್ತ ತಿರುಗಿದರು. "ಫಾರಿನ್ ಮೆಷೀನಿನ ಪ್ಲಗ್ ಕೀಳ್ತೀಯೇನೋ? ಯಾರ ಪರ್ಮಿಷನ್ ತಗೊಂಡೆ?" ಮುನಿಯಪ್ಪ ತಾನೇ ಇಸ್ತ್ರಿ ಮಾಡಿದ ಅವರ ಕಾಲರನ್ನು ನೋಡಿದ. ಶಿಕ್ಷೆಯನ್ನು ಆ ಸಲಕ್ಕೆ ಎಚ್ಚರಿಕೆಗೆ ಇಳಿಸಲಾಯಿತು: ಇನ್ನೊಂದು ಸಲ ಅವನ ಕೈಯಿಂದ ಒಲೆ ಕೆಟ್ಟರೆ ಮನೆಗೆ. ನಾನು ಅಂದೇ ಆ ಪ್ಲಗ್ಗನ್ನು ಕತ್ತರಿಸಿ, ನಮ್ಮ ಮೂರು ಪಿನ್ನಿನ ದಪ್ಪ ಪ್ಲಗ್ಗನ್ನೂ ಅದಕ್ಕೆ ತಕ್ಕ ಸಾಕೆಟ್ಟನ್ನೂ ಹಾಕಿದೆ. ಅದು ಒಂದೇ ಬಗೆಯಲ್ಲಿ ಹೋಗುತ್ತದೆ. ಇಸ್ತ್ರಿಗೆ ಬೇರೆ ಸಾಕೆಟ್ಟನ್ನೂ ಕೊಟ್ಟೆ. ಆಡಳಿತಾಧಿಕಾರಿಯ ಶರಟನ್ನು ತಡೆಯುವುದಕ್ಕಿಂತ ಅದಕ್ಕೊಂದು ಸರ್ಕ್ಯೂಟ್ ಎಳೆಯುವುದು ಸುಲಭ.

ಆಮೇಲೆ ಒಲೆ ಎಷ್ಟು ನಿಯತ್ತಾಗಿ ಉರಿಯಿತೆಂದರೆ ವೇಬರ್ ಸಾಹೇಬರು 'ಇಲ್ಲ' ಎಂಬ ಪದವನ್ನೇ ಮರೆತರು. ಮುನಿಯಪ್ಪ ಒಲೆಯ ಪೆಟ್ಟಿಗೆಯನ್ನು ದಿನಕ್ಕೆರಡು ಬಾರಿ ಒರೆಸುತ್ತಿದ್ದ. ಹೀಗಿರುವಾಗ ಆಯುಧಪೂಜೆ ಬಂತು.

ಕಾರ್ಖಾನೆಯ ಆಯುಧಪೂಜೆ ನೋಡದವರಿಗೆ ಅದನ್ನು ವಿವರಿಸುವುದು ಕಷ್ಟ. ಲೇತಿಗೆ ಬಾಳೆಕಂದು, ಕ್ರೇನಿಗೆ ಮಾವಿನ ತೋರಣ, ಲಾರಿಯ ಚಕ್ರದಡಿ ನಿಂಬೆಹಣ್ಣು, ಸ್ಕ್ರೂಡ್ರೈವರಿಗೂ ಕುಂಕುಮ. ನಮ್ಮ ಜನರಲ್ ಮ್ಯಾನೇಜರು, ನಾವು ಜಿ.ಎಂ. ಸಾಹೇಬರು ಎನ್ನುತ್ತಿದ್ದೆವು, ಅಂದು ಸೂಟು ಬಿಟ್ಟು ಪಂಚೆಯುಟ್ಟು, ತಟ್ಟೆ ಹಿಡಿದು ಇಡೀ ಕಾರ್ಖಾನೆ ಸುತ್ತುತ್ತಿದ್ದರು. ಯಾವ ಯಂತ್ರವನ್ನೂ ಬಿಡುತ್ತಿರಲಿಲ್ಲ. ಗಂಧ ಅವರ ಕೈಯಿಂದಲೇ ಆಗಬೇಕು. ಇನ್ನೊಂದು ನಿಯಮವೂ ಇತ್ತು: ಪೂಜೆಯಲ್ಲಿ ಹಚ್ಚಿದ ಗಂಧ ಕುಂಕುಮಗಳನ್ನು ಯಾರೂ ಒರೆಸಕೂಡದು. ತಾನಾಗಿ ಉದುರುವವರೆಗೆ ಇರಬೇಕು. ಕೆಲವು ಲೇತುಗಳ ಮೇಲೆ ಹಿಂದಿನ ವರ್ಷದ್ದೂ ಇತ್ತು.

ಅಂದು ನಾನು ಸಬ್‌ಸ್ಟೇಷನ್ನಿನ ಪೂಜೆಯಲ್ಲಿದ್ದೆ. ಕೊಳದ ಶೆಡ್ಡಿನಲ್ಲಿ ನಡೆದದ್ದು ನನಗೆ ತಿಳಿದದ್ದು ರಜೆ ಮುಗಿದ ಮೇಲೆ. ಕೆಲಸ ಶುರುವಾದ ದಿನ ಒಲೆ ಹೊತ್ತಲೇ ಇಲ್ಲ. ಫ್ಯಾನು ತಿರುಗಿತು, ಟಿಕ್ ಟಿಕ್ ಕೇಳಿತು, ಗ್ಯಾಸಿನ ವಾಸನೆ ಬಂತು, ಫಕ್ ಇಲ್ಲ. ಪ್ಲಗ್ಗು ಸರಿ. ವಾಲ್ವು ಸರಿ. ಟ್ರಾನ್ಸ್‌ಫಾರ್ಮರೂ ಸರಿ. ಕಿಡಿ ಹಾರುವ ಸದ್ದಿದೆ, ಆದರೆ ಆ ಸದ್ದು ಬರಬೇಕಾದ ಜಾಗದಿಂದ ಬರುತ್ತಿಲ್ಲ. ಸಿಲಿಂಡರುಗಳನ್ನು ಮುಚ್ಚಿ, ಒಳಗಿನ ಮುಚ್ಚಳವನ್ನೂ ಬಿಚ್ಚಿ, ಟಾರ್ಚ್ ಬಿಟ್ಟೆ.

ಕಿಡಿಯ ಕಡ್ಡಿಯನ್ನು ಹಿಡಿದು ನಿಲ್ಲಿಸಿದ ಬಿಳಿ ಪಿಂಗಾಣಿಯ ಕಂಬ ಹೆಬ್ಬೆರಳಿನಷ್ಟು ಎತ್ತರ, ತಲೆ ದುಂಡಗೆ. ಅದರ ಮೇಲೆ ಮೂರು ಬೆರಳಿನ ವಿಭೂತಿ ಅಚ್ಚುಕಟ್ಟಾಗಿ ಎಳೆದಿತ್ತು. ನಡುವೆ ಗಂಧ, ಅದರ ಮೇಲೆ ಕುಂಕುಮ. ಮಳೆಯ ತೇವ ಹೀರಿ ಎಲ್ಲವೂ ಹಸಿಯಾಗಿಯೇ ಇದ್ದವು. ಹಸಿ ಗಂಧದಲ್ಲಿ ಕರೆಂಟು ಹರಿಯುತ್ತದೆ. ಕಿಡಿ ತುದಿಗೆ ಹೋಗುವ ಕಷ್ಟ ತೆಗೆದುಕೊಳ್ಳದೆ, ಗಂಧದ ಮೇಲಿಂದ ಜಾರಿ ತಗಡಿಗೆ ಇಳಿದುಹೋಗುತ್ತಿತ್ತು. ಮೂವತ್ತೈದು ವರ್ಷ ಕೆಲಸ ಮಾಡಿದ ನಾನು ಅಷ್ಟು ಪವಿತ್ರವಾದ ಶಾರ್ಟ್ ಸರ್ಕ್ಯೂಟನ್ನು ಮತ್ತೆ ಕಾಣಲಿಲ್ಲ.

"ಮುನಿಯಪ್ಪ, ಮುಚ್ಚಳ ಯಾರಯ್ಯ ತೆಗೆದಿದ್ದು?"

"ನಾನೇ ಸಾಮಿ. ಒರಗಿನ ತಗಡಿಗೆ ಅಚ್ಚಿದ್ರೆ ಏನ್ ಬಂತು? ದೇವ್ರು ಒಲೆ ಒಳಗವ್ನೆ." ಆಮೇಲೆ ತಗ್ಗಿದ ದನಿಯಲ್ಲಿ, "ಅಚ್ಚಿದ್ದು ದೊಡ್ಡ ಸಾಯೇಬ್ರು. ಬಗ್ಗಿ, ಕಣ್ಣಿಗೊತ್ಕಂಡು ಅಚ್ಚಿದ್ರು."

ಒರೆಸಿಬಿಡುತ್ತೇನೆ ಎಂದು ಬಟ್ಟೆ ಕೈಗೆತ್ತಿಕೊಂಡೆ. ಮುನಿಯಪ್ಪ ಅಡ್ಡ ಬಂದ. "ಬ್ಯಾಡ ಸಾಮಿ! ಪೂಜೆದು ಒರೆಸ್ಬಾರ್ದು!" ಅಷ್ಟರಲ್ಲಿ ಅನಂತರಾಮಯ್ಯನವರು ಬಂದರು. ವಿಷಯ ಕೇಳಿ ಬೆವರಿದರು. "ಜಿ.ಎಂ. ಸಾಹೇಬ್ರು ಹಚ್ಚಿದ ಗಂಧ ಒರೆಸ್ತೀರಾ? ನಾಳೆ ಅವರಿಗೇನಾದ್ರೂ ಆದ್ರೆ? ಇಬ್ರೂ ಸುಮ್ನಿರಿ!" ಹೀಗೆ, ಒಂದು ಒದ್ದೆ ಬಟ್ಟೆಯಿಂದ ಮುಗಿಯಬೇಕಾದ ರಿಪೇರಿ ನಿಂತುಹೋಯಿತು. ಕೊಳ ದಿನದಿನಕ್ಕೆ ತಣ್ಣಗಾಯಿತು. ವೇಬರ್ ಸಾಹೇಬರಿಗೆ ಮರೆತ ಪದ ನೆನಪಾಯಿತು. ಸೊಂಟ ಹಿಡಿದುಕೊಂಡು ನಡೆಯತೊಡಗಿದರು, ಗೇರಿನ ಯಂತ್ರ ಅರ್ಧಕ್ಕೆ ನಿಂತಿತು, ಜಿ.ಎಂ. ಸಾಹೇಬರಿಗೆ ದೂರು ಮುಟ್ಟಿತು. ಯಾರನ್ನಾದರೂ ಮನೆಗೆ ಕಳಿಸದೆ ಈ ಪ್ರಕರಣ ಮುಗಿಯದು ಎಂದು ಅನಂತರಾಮಯ್ಯನವರು ತೀರ್ಮಾನಿಸಿದರು. ಯಾರೆಂದು ಹೇಳಬೇಕಾಗಿಲ್ಲ.

ವಿಚಾರಣೆ ಶೆಡ್ಡಿನಲ್ಲೇ ನಡೆಯಿತು. ಜಿ.ಎಂ. ಸಾಹೇಬರು ಕುರ್ಚಿಯಲ್ಲಿ, ಅನಂತರಾಮಯ್ಯನವರು ಪಕ್ಕದಲ್ಲಿ, ನಾನು ಒಲೆಯ ಬಳಿ. ಬಾಗಿಲಲ್ಲಿ ವೇಬರ್ ಸಾಹೇಬರು, ಚಡ್ಡಿ ಮತ್ತು ಟವೆಲಿನಲ್ಲಿ, ಅಂದಾದರೂ ಬಿಸಿಯಾದೀತೆಂಬ ಆಸೆಯಿಂದ. ಮುನಿಯಪ್ಪ ಇಸ್ತ್ರಿ ಮೇಜಿಗೆ ಒರಗಿ ನಿಂತಿದ್ದ.

"ಇವನು ಪರ್ಮಿಷನ್ ಇಲ್ದೆ ಮುಚ್ಚಳ ತೆಗೆದಿದಾನೆ ಸಾರ್. ಪ್ರೊಬೇಷನ್ ಮುಗಿಸಿ ಕಳಿಸೋದು ಒಳ್ಳೇದು," ಎಂದರು ಅನಂತರಾಮಯ್ಯನವರು.

ಜಿ.ಎಂ. ಸಾಹೇಬರು ನನ್ನತ್ತ ತಿರುಗಿದರು. "ಫಾಲ್ಟ್ ಏನ್ರೀ?"

"ಪಿಂಗಾಣಿಯ ಮೇಲೆ ಕರೆಂಟ್ ಹರಿಯೋ ಪದಾರ್ಥ ಕೂತಿದೆ ಸಾರ್."

"ಎಂಥ ಪದಾರ್ಥ?"

ಅನಂತರಾಮಯ್ಯನವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಮುಂದಿನ ಇನ್‌ಕ್ರಿಮೆಂಟುಗಳೆಲ್ಲ ಸುಟ್ಟುಹೋದವು. "ಗಂಧ ಸಾರ್. ಸ್ವಲ್ಪ ವಿಭೂತಿ. ಕುಂಕುಮ."

"ಅಲ್ಲಿ? ಒಳಗೆ? ಯಾವ ಕತ್ತೆ ಕಣಯ್ಯ ಅಲ್ಲಿ ಹಚ್ಚಿದ್ದು?"

ಆ ದಿನ ನೂರಾರು ಯಂತ್ರಗಳಿಗೆ ಹಚ್ಚಿದ್ದ ಅವರಿಗೆ ಇದೊಂದು ನೆನಪೇ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮುನಿಯಪ್ಪ ಒಂದು ಹೆಜ್ಜೆ ಮುಂದೆ ಬಂದ.

"ನಾನೇ ಸಾಮಿ."

ಅಲ್ಲಿಗೆ ಅವನ ನೌಕರಿ ಹೋಯಿತು ಎಂದುಕೊಂಡೆ. ಅನಂತರಾಮಯ್ಯನವರು ಪೆನ್ನಿನ ಟೋಪಿ ತೆಗೆದರು.

ಬಾಗಿಲಿನಿಂದ ವೇಬರ್ ಸಾಹೇಬರು ಅಲ್ಲವೆಂದು ತಲೆಯಾಡಿಸಿದರು. ನಮ್ಮ ಕನ್ನಡ ಅವರಿಗೆ ತಿಳಿಯದು, ಆದರೆ ಎಲ್ಲರೂ ಒಲೆಯೊಳಗೆ ಬೆರಳು ತೋರಿಸಿ ಕೇಳುತ್ತಿರುವ ಪ್ರಶ್ನೆ ಏನೆಂದು ತಿಳಿದಿತ್ತು. ಪೂಜೆಯ ದಿನ ಅವರೂ ಶೆಡ್ಡಿನಲ್ಲಿದ್ದರಂತೆ. ಸಹಾಯ ಮಾಡುವ ಮನಸ್ಸಿನಿಂದ ಮುಂದೆ ಬಂದು, ಜಿ.ಎಂ. ಸಾಹೇಬರ ಬಲಗೈ ಹಿಡಿದು ಎತ್ತಿ, ಉಂಗುರದ ಬೆರಳನ್ನು ಎಲ್ಲರಿಗೂ ಕಾಣುವಂತೆ ತೋರಿಸಿ, "ನೋ, ನೋ. ಯು. ವೆರಿ ಬ್ಯೂಟಿಫುಲ್," ಎಂದರು.

ಜಿ.ಎಂ. ಸಾಹೇಬರು ತಮ್ಮ ಬೆರಳನ್ನು ತಾವೇ ನೋಡಿದರು, ಅದು ಬೇರೆ ಡಿಪಾರ್ಟ್‌ಮೆಂಟಿನದೇನೋ ಎಂಬಂತೆ. ಆಮೇಲೆ ಮುನಿಯಪ್ಪನನ್ನು ನೋಡಿದರು.

"ನೀನ್ಯಾಕಯ್ಯ ನಾನೇ ಅಂದೆ?"

"ಮತ್ತೇನ್ ಸಾಮಿ ಅನ್ಲಿ? ನೀವು ಕತ್ತೆ ಅಂದ್ಬಿಟ್ರಲ್ಲ."

ನಾನು ಸಿಲಿಂಡರುಗಳ ಕಡೆ ತಿರುಗಿ ಒಂದು ವಾಲ್ವನ್ನು ಅನಾವಶ್ಯಕವಾಗಿ ಪರೀಕ್ಷಿಸಿದೆ. ಮತ್ತೆ ತಿರುಗಿದಾಗ ಜಿ.ಎಂ. ಸಾಹೇಬರು ಬೂಟು ಕಳಚಿ ಒಲೆಯ ಮುಂದೆ ಕೂತಿದ್ದರು. ಅನಂತರಾಮಯ್ಯನವರ ಕರ್ಚೀಫ್ ಇಸಿದುಕೊಂಡು, "ತಪ್ಪಾಯ್ತಪ್ಪ," ಎಂದು ಕೈಮುಗಿದು, ಪಿಂಗಾಣಿಯನ್ನು ತಾವೇ ಒರೆಸಿದರು. ನಾನು ಸ್ಪಿರಿಟ್ ಹಚ್ಚಿ ಒಣಗಿಸಿ, ಗ್ಯಾಸು ತೆರೆದೆ. ಫ್ಯಾನು. ಟಿಕ್ ಟಿಕ್. ಫಕ್. ಕೆಂಪು ದೀಪ ಬರಲಿಲ್ಲ.

ಆದರೆ ಮುಂದಿನ ಆಯುಧಪೂಜೆಯ ಪ್ರಶ್ನೆ ಉಳಿದಿತ್ತು. ಅದನ್ನು ಬಿಡಿಸಿದವರೂ ವೇಬರ್ ಸಾಹೇಬರೇ. ಸೀಮೆಸುಣ್ಣ ಕೇಳಿ ತೆಗೆದುಕೊಂಡು, ಹೊರಗಿನ ತಗಡಿನ ಮೇಲೆ ಅಳೆದು, ರೂಪಾಯಿ ಬಿಲ್ಲೆಯಷ್ಟು ದುಂಡಾಗಿ ಒಂದು ವೃತ್ತ ಎಳೆದು, ಗಂಧಕ್ಕೆ ಅಧಿಕೃತ ಸ್ಥಾನ ಕೊಟ್ಟರು. ಜರ್ಮನ್ನರ ಕೆಲಸ, ನಟ್ಟನಡುವೆ ಬಂದಿತ್ತು.

ಜಿ.ಎಂ. ಸಾಹೇಬರು ಬೂಟು ಮೆಟ್ಟಿಕೊಳ್ಳುತ್ತ, "ಅನಂತರಾಮಯ್ಯನೋರೇ, ಇವನ್ನ ಖಾಯಂ ಮಾಡಿ. ಮುಚ್ಚಳಕ್ಕೊಂದು ಬೀಗ ಹಾಕ್ಸಿ. ಕೀ ಇವನ ಹತ್ರ ಇರ್ಲಿ," ಎಂದರು. ಹೊರಟವರು ಬಾಗಿಲಲ್ಲಿ ನಿಂತು, "ನಾನು ಕೇಳಿದ್ರೂ ಕೊಡ್ಬೇಡ," ಎಂದು ಸೇರಿಸಿದರು.

ಆರ್ಡರು ಬಂದ ದಿನ ಮುನಿಯಪ್ಪ ಮನೆಯಿಂದ ಹೋಳಿಗೆ ತಂದು ಶೆಡ್ಡಿನಲ್ಲಿ ಹಂಚಿದ. ವೇಬರ್ ಸಾಹೇಬರು ನೀರಿನೊಳಗಿನಿಂದಲೇ ಕೈಚಾಚಿ ತಿಂದರು.

ಮರುವರ್ಷದ ಆಯುಧಪೂಜೆಗೆ ನಾನು ಸಬ್‌ಸ್ಟೇಷನ್ನನ್ನು ಬೇರೆಯವರಿಗೆ ಒಪ್ಪಿಸಿ ಕೊಳದ ಶೆಡ್ಡಿಗೇ ಹೋದೆ. ಜಿ.ಎಂ. ಸಾಹೇಬರು ಪಂಚೆಯಲ್ಲಿ ಬಂದು, ಮುನಿಯಪ್ಪ ಬಣ್ಣದಲ್ಲಿ ತಿದ್ದಿಟ್ಟಿದ್ದ ವೃತ್ತದೊಳಗೆ ಗಂಧವಿಟ್ಟು, ಆರತಿ ಬೆಳಗಿದರು. ತಟ್ಟೆ ಕೊಟ್ಟುಬಿಟ್ಟು ಹೊರಡಲಿಲ್ಲ. ಮುಚ್ಚಳವನ್ನೇ ನೋಡುತ್ತ ನಿಂತರು.

"ಮುನಿಯಪ್ಪ, ಒಳಗೆ ಒಂದೇ ಒಂದು ಚೂರು ಅಕ್ಷತೆ ಹಾಕ್ಬಿಡ್ತೀನಿ. ಗಂಧ ಅಲ್ಲ, ಬರೀ ಅಕ್ಕಿ ಕಾಳು. ತೆಗಿ."

ಅನಂತರಾಮಯ್ಯನವರು ಪಕ್ಕದಿಂದ, "ತೆಗಿಯಯ್ಯ, ಸಾಹೇಬ್ರು ಹೇಳ್ತಿದಾರೆ," ಎಂದರು.

ಅಷ್ಟು ವರ್ಷ ಆ ಕಾರ್ಖಾನೆಯಲ್ಲಿ ಯಾರು ಏನು ಹೇಳಿದರೂ "ಆಯ್ತು ಸಾಮಿ" ಎಂದೇ ಬಂದಿದ್ದ ಮನುಷ್ಯ ಸೊಂಟದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ನೆಟ್ಟಗೆ ನಿಂತ.

"ಆಗಲ್ಲ ಸಾಮಿ," ಎಂದ. "ಮುಂದಿನ ಮೆಷೀನ್‌ಗೆ ನಡೀರಿ, ರಾವುಕಾಲ ಬರ್ತೈತೆ."